ಐದನೇ ಗುಳಿಯ ಹದಿನಾಲ್ಕು ಗಜ

ಮಲ್ಲಿಕಾರ್ಜುನಪ್ಪನವರಿಗೆ ತನ್ನ ಮೇಲೆ ಅನುಮಾನ ಹುಟ್ಟಿದೆ ಎಂಬುದು ದ್ಯಾಮಮ್ಮನಿಗೆ ಮೊದಲು ತಿಳಿದದ್ದು ಅವರ ಹೆಬ್ಬೆರಳಿನಿಂದ.

ಆ ದಿನ ಬೆಳಿಗ್ಗೆ ಗಾಲ್ಫ್ ಆಟದಲ್ಲಿ, ಎರಡನೇ ಗುಳಿಯ ದಾರಿಯಲ್ಲಿ ಚೆಂಡಿನ ಪಕ್ಕ ನಿಂತು ಅವರು ಎಂದಿನಂತೆ, "ಎಷ್ಟಮ್ಮಾ?" ಎಂದು ಕೇಳಿದರು. ಹೆಗಲ ಮೇಲಿದ್ದ ಕೋಲುಗಳ ಚೀಲವನ್ನು ಇಳಿಸುತ್ತಾ ಅವಳು, "ನೂರಾ ಹದಿನೆಂಟು ಗಜ, ಯಜಮಾನ್ರೆ" ಎಂದಳು. ಹನ್ನೊಂದು ವರ್ಷದಿಂದಲೂ ಇಷ್ಟಾದ ಮೇಲೆ ಅವರು ಕೈ ಚಾಚುತ್ತಿದ್ದರು, ಅವಳು ದೂರಕ್ಕೆ ತಕ್ಕ ಕೋಲು ಕೊಡುತ್ತಿದ್ದಳು. ಆ ದಿನ ಕೈ ಬರಲಿಲ್ಲ. ಸೊಂಟದ ಬೆಲ್ಟಿಗೆ ಸಿಕ್ಕಿಸಿಕೊಂಡಿದ್ದ, ಬೆಂಕಿಪೊಟ್ಟಣದಷ್ಟಿದ್ದ ಕಪ್ಪು ವಸ್ತುವೊಂದನ್ನು ಹೆಬ್ಬೆರಳು ಒತ್ತಿತು. ಕಣ್ಣು ಒಂದು ಗಳಿಗೆ ಕೆಳಗಿಳಿದು ಮೇಲೆ ಬಂತು. ಆಮೇಲೆ ಕೈ ಚಾಚಿದರು.

"ಏನ್ ಯಜಮಾನ್ರೆ ಅದು?"

"ಜಿಪಿಎಸ್ಸು. ನನ್ನ ಮಗಳು ಯಶೋದಾ ಕೊಡ್ಸಿದ್ದು, ಹುಟ್ಟಿದಬ್ಬಕ್ಕೆ. ಇಲ್ಲಿಂದ ಗ್ರೀನ್‌ಗೆ ಎಷ್ಟು ದೂರ ಅಂತ ತೋರಿಸ್ತದೆ."

"ಎಷ್ಟು ತೋರಿಸ್ತು?"

"ನೂರಾ ಇಪ್ಪತ್ತು" ಎಂದು ನಕ್ಕರು. ಅವಳೂ ನಕ್ಕಳು. ಆದರೆ ತಾನು ಹೇಳಿದ ಮೇಲೆ ಅವರು ನೋಡಿದ್ದು ಅವಳ ಮನಸ್ಸಿನಲ್ಲಿ ಉಳಿಯಿತು. ಮೊದಲೇ ನೋಡಿಕೊಂಡು ಸುಮ್ಮನಿರಬಹುದಿತ್ತು. ಕೇಳಿ, ಉತ್ತರ ಪಡೆದು, ಆಮೇಲೆ ನೋಡುವುದೆಂದರೆ ಏನು?

ಲಿಂಗದಹಳ್ಳಿಯಿಂದ ಬೆಟ್ಟದ ಕಡೆ ಹೋಗುವ ರಸ್ತೆಯಲ್ಲಿ ಒಂಬತ್ತು ಗುಳಿಗಳ ಪುಟ್ಟ ಗಾಲ್ಫ್ ಮೈದಾನವೊಂದಿದೆ. ಕಡೂರು, ತರೀಕೆರೆ, ಅಜ್ಜಂಪುರದ ಐವತ್ತು ಅರವತ್ತು ಜನ ಅದರ ಸದಸ್ಯರು. ವ್ಯಾಪಾರಿಗಳು, ಡಾಕ್ಟರುಗಳು, ನಿವೃತ್ತ ಅಧಿಕಾರಿಗಳು. ಈ ಆಟದಲ್ಲಿ ಗುಳಿಯೂ ಅದರ ಸುತ್ತಲಿನ ನುಣುಪು ಹುಲ್ಲಿನ ಗ್ರೀನೂ ಎಷ್ಟು ದೂರದಲ್ಲಿವೆ ಎಂಬುದರ ಮೇಲೆ ಯಾವ ಕೋಲು ಹಿಡಿಯಬೇಕು ಎಂಬುದು ನಿಂತಿರುತ್ತದೆ. ಹತ್ತು ಗಜ ತಪ್ಪಿದರೆ ಚೆಂಡು ಮರಳಿನ ಹೊಂಡಕ್ಕೋ ಪೊದೆಗೋ ಬೀಳುತ್ತದೆ. ಆ ದೂರ ಹೇಳುವುದು ಚೀಲ ಹೊರುವ ಕ್ಯಾಡಿಯ ಕೆಲಸ. ಅಲ್ಲಿನ ಹದಿನಾರು ಕ್ಯಾಡಿಗಳಲ್ಲಿ ದ್ಯಾಮಮ್ಮ ಒಬ್ಬಳೇ ಹೆಂಗಸು.

ಅವಳು ಸೇರಿದ್ದು ಹುಲ್ಲಿನ ನಡುವಿನ ಕಳೆ ಕೀಳುವ ಕೂಲಿಗೆ. ಅವಳ ಅಪ್ಪ ಕರಿಯಣ್ಣ ತರೀಕೆರೆಯ ಸರ್ವೆಯವರ ಜೊತೆ ಸರಪಳಿ ಹಿಡಿಯುತ್ತಿದ್ದವನು. ಮೂವತ್ತಮೂರು ಅಡಿಯ ಕಬ್ಬಿಣದ ಸರಪಳಿ, ಅಂದರೆ ಹನ್ನೊಂದು ಗಜ. ಅಪ್ಪನ ಹಿಂದೆ ಹೊಲಗದ್ದೆ ತಿರುಗಿ ಅವಳ ಕಾಲಿಗೆ ಆ ಅಳತೆ ಹತ್ತಿಬಿಟ್ಟಿತ್ತು. ಒಂದು ದಿನ ಇಬ್ಬರು ಸದಸ್ಯರು ಗುಳಿಯ ದೂರದ ಬಗ್ಗೆ ಜಗಳವಾಡುತ್ತಿದ್ದಾಗ ಅವಳು ಕಳೆಗುದ್ದಲಿ ಹಿಡಿದುಕೊಂಡೇ, "ಹದ್ನಾಲ್ಕು ಸರಪಳಿ ಕಣ್ರೀ, ನೂರೈವತ್ನಾಲ್ಕು ಗಜ" ಎಂದಿದ್ದಳು. ಟೇಪು ತರಿಸಿ ಎಳೆದು ನೋಡಿದರೆ ಒಂದು ಗಜ ಹೆಚ್ಚು ಕಡಿಮೆ. ಆ ಇಬ್ಬರಲ್ಲಿ ಒಬ್ಬರು ಕಡೂರಿನ ಕೊಬ್ಬರಿ ವ್ಯಾಪಾರಿ ಮಲ್ಲಿಕಾರ್ಜುನಪ್ಪ. "ನಾಳೆಯಿಂದ ನನ್ನ ಚೀಲ ನೀನೇ ಹೊತ್ಕೊಳ್ಳಮ್ಮ" ಎಂದು ಅವತ್ತೇ ಹೇಳಿದರು. ಆಮೇಲಿನ ಮಳೆಗಾಲದಲ್ಲಿ ಅವಳು ಒಂಬತ್ತು ಗುಳಿಗಳನ್ನೂ ಮರ ಮರದಿಂದ, ಬಂಡೆ ಬಂಡೆಯಿಂದ ಹೆಜ್ಜೆ ಹಾಕಿ ಅಳೆದು ತಲೆಯಲ್ಲಿ ಇಟ್ಟುಕೊಂಡಳು.

ಆ ಜಿಪಿಎಸ್ಸಿನ ಮೊದಲ ದಿನ ಐದನೇ ಗುಳಿಯವರೆಗೆ ಎಲ್ಲ ಒಂದೆರಡು ಗಜದ ವ್ಯತ್ಯಾಸದಲ್ಲೇ ಇತ್ತು. ಐದನೆಯದು ಚಿಕ್ಕದು, ಒಂದೇ ಹೊಡೆತಕ್ಕೆ ಗ್ರೀನ್ ಮುಟ್ಟಬೇಕು. "ನೂರಾ ನಲವತ್ತೆರಡು" ಎಂದಳು ದ್ಯಾಮಮ್ಮ. ಹೆಬ್ಬೆರಳು ಒತ್ತಿತು. ಮಲ್ಲಿಕಾರ್ಜುನಪ್ಪನವರ ಹುಬ್ಬು ಗಂಟಿಕ್ಕಿತು.

"ಇದು ನೂರೈವತ್ತಾರು ಅಂತದೆ."

"ಇಲ್ಲ ಯಜಮಾನ್ರೆ, ನಲವತ್ತೆರಡೇ."

"ಇದು ಮೇಲೆ ಉಪಗ್ರಹದಿಂದ ನೋಡಿ ಹೇಳೋದು ಕಣಮ್ಮ" ಎಂದು ಅವರೇ ಚೀಲದಿಂದ ಹೆಚ್ಚು ದೂರ ಹೊಡೆಯುವ ಕೋಲು ಎಳೆದುಕೊಂಡರು. ಚೆಂಡು ಗ್ರೀನಿನ ಮೇಲೆ ಹಾರಿ ಹಿಂದಿನ ಲಂಟಾನ ಪೊದೆಗೆ ಬಿತ್ತು. "ಜೋರಾಗಿ ಹೊಡೆದ್ಬಿಟ್ಟೆ" ಎಂದರು. ಯಂತ್ರ ತಪ್ಪು ಎನ್ನಲಿಲ್ಲ.

ಮುಂದಿನ ವಾರ ಅದೇ ಜಾಗದಲ್ಲಿ ಅವಳು ಹೇಳಿದ ಕೋಲನ್ನೇ ತೆಗೆದುಕೊಂಡರು. ಎದುರುಗಾಳಿ ಇತ್ತು, ಚೆಂಡು ಮುಂದಿನ ಮರಳಿಗೆ ಬಿತ್ತು. ಎಂಟನೇ ಗುಳಿಯಲ್ಲಿ ಹೊನ್ನೆ ಮರದ ಬಳಿ ಅವಳು ನೂರೈವತ್ತೆರಡು ಎಂದಾಗ ಯಂತ್ರ ನೂರಾ ಅರವತ್ತೊಂದು ಎಂದಿತು. ಮಲ್ಲಿಕಾರ್ಜುನಪ್ಪ ಪೆನ್ಸಿಲ್ ತೆಗೆದು ಆಟದ ಚೀಟಿಯ ಹಿಂದೆ ಏನೋ ಬರೆದುಕೊಂಡರು. ಚೀಲ ಸರಿಮಾಡುವ ನೆವದಲ್ಲಿ ಬಗ್ಗಿ ನೋಡಿದರೆ ಅಲ್ಲಿ ಎರಡು ಸಾಲು ಸಂಖ್ಯೆಗಳು. ಒಂದರ ಮೇಲೆ 'ದ್ಯಾ' ಎಂದು ಬರೆದಿತ್ತು.

ಅಂದಿನಿಂದ ಅವಳ ನಾಲಿಗೆ ತಡವರಿಸತೊಡಗಿತು. ಚೆನ್ನಾಗಿ ಗೊತ್ತಿದ್ದ ಜಾಗದಲ್ಲೂ ಸಂಖ್ಯೆ ಹೇಳುವ ಮೊದಲು ಒಮ್ಮೆ ಅವರ ಬೆಲ್ಟಿನ ಕಡೆ ನೋಡುವಳು. ಅವಳು ನೋಡುವುದನ್ನು ಅವರೂ ನೋಡಿದರು. ಏನೋ ಮುಚ್ಚಿಡುವವಳ ನೋಟದಂತೆ ಅದು ಅವರಿಗೆ ಕಂಡಿತು.

ಮೂರನೇ ವಾರ ಆಟ ಮುಗಿದ ಮೇಲೆ ಮಲ್ಲಿಕಾರ್ಜುನಪ್ಪ ಕಲ್ಲುಬೆಂಚಿನ ಮೇಲೆ ಕೂತು ಶೂ ಬಿಚ್ಚುತ್ತಾ ಕೇಳಿದರು.

"ನಿನ್ನ ಮಗಳು ಧನ್ಯಶ್ರೀ ಈಗ ಎಲ್ಲಿ ಕೆಲಸ ಮಾಡ್ತಾಳೆ?"

"ತರೀಕೆರೇಲಿ. ಓಂಕಾರೇಶ್ ಡಾಕ್ಟ್ರ ಹಲ್ಲಿನ ಕ್ಲಿನಿಕ್ಕಲ್ಲಿ. ನಿಮಗೆ ಗೊತ್ತಲ್ಲ ಯಜಮಾನ್ರೆ."

"ಯಾವಾಗ ಸೇರಿದ್ಲು?"

"ಹೋದ ವರ್ಷ ದೀಪಾವಳಿ ಮುಂದೆ."

"ಕ್ಲಬ್ಬಿನ ಕಪ್‌ನ ಫೈನಲ್ ಆಗಿದ್ದು ಅದೇ ದಸರಾ ಆದ್ಮೇಲೆ." ಅವರು ತಲೆ ಎತ್ತಲಿಲ್ಲ. "ಎಂಟನೇ ಗುಳಿವರೆಗೂ ನಾನೂ ಓಂಕಾರೇಶೂ ಸಮ ಇದ್ವಿ. ಅದೇ ಹೊನ್ನೆ ಮರದ ಹತ್ರ ನೀನು ನೂರೈವತ್ತೆರಡು ಅಂದೆ, ನನ್ನ ಚೆಂಡು ಹಳ್ಳಕ್ಕೆ ಬಿತ್ತು. ಒಂದೇ ಒಂದು ಹೊಡೆತದಲ್ಲಿ ಸೋತೆ."

ದ್ಯಾಮಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಕೋಲು ಒರೆಸುತ್ತಿದ್ದ ಒದ್ದೆ ಬಟ್ಟೆಯನ್ನು ಬೆಂಚಿನ ಮೇಲಿಟ್ಟಳು.

"ಮಗಳ ಕೆಲಸಕ್ಕೋಸ್ಕರ ನಿಮಗೆ ಸುಳ್ಳು ಲೆಕ್ಕ ಹೇಳ್ದೆ ಅಂತೀರಾ?"

"ನಾನು ಏನೂ ಅಂದಿಲ್ಲ."

"ಅಂದಂಗೇ ಆಯ್ತಲ್ಲ ಯಜಮಾನ್ರೆ."

ಅವರು ಶೂಗಳನ್ನು ಎತ್ತಿಕೊಂಡು ಕಾರಿನ ಕಡೆ ಹೋದರು. ಮುಂದಿನ ಭಾನುವಾರ ಅವರ ಚೀಲ ಬೇರೆಯವನ ಹೆಗಲ ಮೇಲಿತ್ತು.

ಕ್ಯಾಡಿಗಳ ಶೆಡ್ಡಿನಲ್ಲಿ ಯಾರೂ ಅವಳನ್ನು ಏನೂ ಕೇಳಲಿಲ್ಲ. ಅವಳು ಒಳಗೆ ಬಂದರೆ ಮಾತು ನಿಲ್ಲುತ್ತಿತ್ತು, ಅಷ್ಟೆ. ಅದೇ ವಾರ ಕ್ಲಬ್ಬಿನ ಕಾರ್ಯದರ್ಶಿ ರುದ್ರಮೂರ್ತಿ ಹಲಗೆಯ ಮೇಲೆ ಒಂದು ನೋಟೀಸು ಅಂಟಿಸಿದರು: ದೂರ ಅಳೆಯುವ ಸಾಧನ ಇರುವ ಸದಸ್ಯರು ಬಯಸಿದರೆ ಕ್ಯಾಡಿ ಇಲ್ಲದೆ ಆಡಬಹುದು. ರುದ್ರಮೂರ್ತಿ ಅಜ್ಜಂಪುರದವರು, ಮೇಷ್ಟರಾಗಿ ನಿವೃತ್ತರಾದವರು, ಬರೆದದ್ದನ್ನು ತಿದ್ದುವ ಪೈಕಿ ಅಲ್ಲ. ದ್ಯಾಮಮ್ಮನ ಗಂಡ ದೊಡ್ಡಬೀರಪ್ಪ ಅದೇ ಮೈದಾನದಲ್ಲಿ ಹುಲ್ಲು ಕತ್ತರಿಸುವ ಟ್ರ್ಯಾಕ್ಟರ್ ಓಡಿಸುತ್ತಿದ್ದ. ನೋಟೀಸು ಓದಿಸಿಕೊಂಡು ಬಂದು, "ಇದೆಲ್ಲ ಮೊದ್ಲೇ ಮಾತಾಡ್ಕೊಂಡಿದಾರೆ ಕಣೇ" ಎಂದ. "ನಿನ್ನ ಲೆಕ್ಕ ತಪ್ಪು ಅಂತ ತೋರ್ಸಿದ್ರೆ ಎಲ್ರನ್ನೂ ಕಳಿಸ್ಬೋದು. ಆ ಮಿಷಿನ್ನಿಗೆ ಅವರೇ ಏನೋ ತಿರುವಿರ್ತಾರೆ."

ಅವಳಿಗೂ ಹಾಗೇ ಅನಿಸಿತು. ಎರಡೇ ಗುಳಿಗಳಲ್ಲಿ ಮಾತ್ರ ಇಷ್ಟು ದೊಡ್ಡ ವ್ಯತ್ಯಾಸ ಬರುವುದೆಂದರೆ ಯಾರೋ ಕೈಯಾಡಿಸಿರಬೇಕು. ಮತ್ತೆ ಸ್ವಲ್ಪ ಹೊತ್ತಿಗೆ ತನ್ನ ಕಾಲಿನ ಮೇಲೇ ಅನುಮಾನ. ವಯಸ್ಸು ನಲವತ್ತೊಂಬತ್ತು, ಎಡಮಂಡಿ ಹಿಡಿಯುತ್ತಿದೆ, ಹೆಜ್ಜೆ ಗಿಡ್ಡವಾಗಿದ್ದರೆ? ಮನೆಯಿಂದ ಬಸ್‌ಸ್ಟಾಪಿಗೆ ಎಷ್ಟು ಹೆಜ್ಜೆ ಎಂದು ದಿನವೂ ಎಣಿಸಿ ನೋಡಿದಳು.

ಒಂದು ಸಂಜೆ ಮಗಳು ಕ್ಲಿನಿಕ್ಕಿನಿಂದ ಬಂದು ಕೈಕಾಲು ತೊಳೆಯುವಾಗ ದ್ಯಾಮಮ್ಮ ಬಚ್ಚಲ ಬಾಗಿಲಲ್ಲಿ ನಿಂತಳು.

"ಆ ಕೆಲಸಕ್ಕೆ ಡಾಕ್ಟ್ರು ನಿನ್ನನ್ನೇ ಯಾಕೆ ತಗೊಂಡ್ರೇ?"

"ಅಂದ್ರೆ? ಅರ್ಜಿ ಹಾಕಿದ್ದೆ, ಕರೆದ್ರು."

"ಅವರು ಯಾವತ್ತಾದ್ರೂ ನನ್ನ ವಿಷಯ ಕೇಳಿದಾರಾ? ಯಜಮಾನ್ರ ಆಟದ ವಿಷಯ?"

ಧನ್ಯಶ್ರೀ ಚೊಂಬು ಕೆಳಗಿಟ್ಟಳು. "ಅಮ್ಮಾ, ನಾನು ನಿನ್ನ ಮಗಳು ಅನ್ನೋದು ಅವರಿಗೆ ಗೊತ್ತಾಗಿದ್ದೇ ನಾನು ಸೇರಿ ಎರಡು ತಿಂಗಳಾದ್ಮೇಲೆ. ನಾನೇನೋ ತಪ್ಪು ಮಾಡಿದೀನಿ ಅಂತ ಅವರೇನಾದ್ರೂ ನಿಂಗೆ ಹೇಳಿದ್ರಾ?"

"ಇಲ್ಲ, ಸುಮ್ನೆ ಕೇಳ್ದೆ."

"ಸುಮ್ನೆ ಕೇಳೋ ಮಾತಲ್ಲ ಅದು." ಹುಡುಗಿಯ ಮುಖ ಕೆಂಪಾಗಿತ್ತು. ಆ ದಿನ ತಾಯಿ ಮಗಳು ಒಟ್ಟಿಗೆ ಊಟಕ್ಕೆ ಕೂರಲಿಲ್ಲ. ಮಲ್ಲಿಕಾರ್ಜುನಪ್ಪ ತನಗೆ ಮಾಡಿದ್ದನ್ನೇ ತಾನು ಮಗಳಿಗೆ ಮಾಡಿದೆ ಎಂದು ದ್ಯಾಮಮ್ಮನಿಗೆ ಹೊಳೆದದ್ದು ಪಾತ್ರೆ ತೊಳೆಯುವಾಗ. ಹೀಗೇ ಬಿಟ್ಟರೆ ಇದು ಇನ್ನೂ ಯಾರ ಯಾರನ್ನು ಹಿಡಿಯುತ್ತದೋ ಎಂದು ಭಯವಾಯಿತು. ಮರುದಿನವೇ ಅವಳು ತರೀಕೆರೆಗೆ, ಅಣ್ಣನ ಮಗ ಶಿವಕುಮಾರನ ಹತ್ತಿರ ಹೋದಳು.

ಶಿವಕುಮಾರ್ ಲೈಸೆನ್ಸ್ ಪಡೆದ ಸರ್ವೇಯರ್. ತಾತನ ಕೆಲಸದ ಮುಂದುವರಿಕೆ ಎಂದು ಎಲ್ಲರೂ ಅವನನ್ನು ಹೊಗಳುತ್ತಿದ್ದರು. ಅವಳು ಎಲ್ಲವನ್ನೂ ಹೇಳಿ, "ಮೇಲಿಂದ ನೋಡೋ ಯಂತ್ರ ಹೆಂಗಪ್ಪಾ ತಪ್ಪು ಹೇಳ್ತದೆ?" ಎಂದಳು.

"ಅದು ಗ್ರೀನನ್ನ ನೋಡಲ್ಲ ಅತ್ತೆ."

"ನೋಡಲ್ವಾ?"

"ನೀನು ನಿಂತಿರೋ ಜಾಗ ಎಲ್ಲಿ ಅನ್ನೋದು ಮಾತ್ರ ಅದಕ್ಕೆ ಉಪಗ್ರಹದಿಂದ ಸಿಗ್ತದೆ. ಗ್ರೀನ್ ಎಲ್ಲಿದೆ ಅನ್ನೋದು ಅದರೊಳಗೆ ಮೊದ್ಲೇ ಹಾಕಿರೋ ನಕ್ಷೇಲಿ ಇರ್ತದೆ. ಯಾವಾಗಲೋ ಮಾಡಿದ ನಕ್ಷೆ. ಎರಡರ ನಡುವೆ ದೂರ ಲೆಕ್ಕ ಹಾಕಿ ತೋರ್ಸ್ತದೆ, ಅಷ್ಟೇ."

ದ್ಯಾಮಮ್ಮ ಕುರ್ಚಿಯಿಂದ ಎದ್ದುಬಿಟ್ಟಳು. ನಕ್ಷೆ ಒಂದು ಹೇಳುವುದು, ನೆಲ ಒಂದು ಹೇಳುವುದು ಅವಳಿಗೆ ಹೊಸದಲ್ಲ. ಅಪ್ಪ ದಿನವೂ ಬೈದುಕೊಳ್ಳುತ್ತಿದ್ದದ್ದು ಅದನ್ನೇ. "ಐದನೇ ಗ್ರೀನನ್ನ ಈ ಕಡೆಗೆ ತಂದಿದಾರಲ್ಲೋ! ನಾಲ್ಕು ವರ್ಷದ ಹಿಂದೆ ಮಳೆಗೆ ಹಿಂದಿನ ಏರಿ ಕುಸೀತು. ಉಳಿದಿದ್ದ ಅರ್ಧನ ಬಿಟ್ಟು ಮುಂದಕ್ಕೆ ಹೊಸದು ಕಟ್ಟಿದ್ರು. ನಾನೇ ಮತ್ತೆ ಹೆಜ್ಜೆ ಹಾಕಿದ್ದೆ."

"ನಿಮ್ಮ ಯಜಮಾನ್ರಿಗೆ ಗೊತ್ತಿಲ್ವಾ?"

ಆ ವರ್ಷ ಮಲ್ಲಿಕಾರ್ಜುನಪ್ಪ ಎದೆಯ ಆಪರೇಷನ್ ಆಗಿ ಆರು ತಿಂಗಳು ಮೈದಾನಕ್ಕೆ ಬಂದಿರಲಿಲ್ಲ. ವಾಪಸು ಬಂದಾಗ ಅವಳು ಹೊಸ ಸಂಖ್ಯೆ ಹೇಳಿದ್ದಳು, ಅವರು ಕೈ ಚಾಚಿದ್ದರು. ಗ್ರೀನು ಜರುಗಿದ ಮಾತೇ ಬಂದಿರಲಿಲ್ಲ.

ಸೋಮವಾರ ಮೈದಾನಕ್ಕೆ ರಜೆ. ಶಿವಕುಮಾರ್ ತನ್ನ ಯಂತ್ರವನ್ನೂ ಉದ್ದದ ಟೇಪನ್ನೂ ತಂದ. ಐದನೇ ಗುಳಿ ನೂರಾ ನಲವತ್ತಮೂರು ಗಜ ಬಂತು. ಹಳೇ ಗ್ರೀನಿನ ಗುರುತು ಹುಡುಕಿ ಅಲ್ಲಿಗೂ ಅಳೆದರು, ನೂರೈವತ್ತೇಳು. ದ್ಯಾಮಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಸಾಕು ಬಿಡು ಅತ್ತೆ, ಗೆದ್ದೆ" ಎಂದು ಅವನು ಸಾಮಾನು ಮಡಚತೊಡಗಿದ.

"ಎಂಟನೇದೂ ನೋಡಿಬಿಡೋಣ."

ಹೊನ್ನೆ ಮರದ ಬುಡದಿಂದ ಎಂಟನೇ ಗ್ರೀನಿಗೆ ಶಿವಕುಮಾರ್ ಎರಡು ಸಲ ಅಳೆದ. ಎರಡು ಸಲವೂ ನೂರಾ ಅರವತ್ತು. "ಇಲ್ಲಿ ಆ ಜಿಪಿಎಸ್ಸೇ ಸರಿ ಅತ್ತೆ" ಎಂದ ಮೆಲ್ಲಗೆ.

ಅವಳು ಹಳ್ಳದ ದಡಕ್ಕೆ ಹೋಗಿ ನಿಂತಳು. ಹನ್ನೊಂದು ವರ್ಷದ ಹಿಂದೆ ಅಳೆದದ್ದು ನೆನಪಿಗೆ ಬಂತು. ಮಳೆಗಾಲ, ಹಳ್ಳ ತುಂಬಿ ಹರಿಯುತ್ತಿತ್ತು. ಈಚೆ ದಡದವರೆಗೆ ಹೆಜ್ಜೆ ಹಾಕಿದ್ದಳು, ಸುತ್ತಿ ಹೋಗಿ ಆಚೆ ದಡದಿಂದ ಗ್ರೀನಿಗೆ ಹೆಜ್ಜೆ ಹಾಕಿದ್ದಳು. ನಡುವಿನ ನೀರನ್ನು ಮಾತ್ರ ಕಣ್ಣಲ್ಲೇ ಅಂದಾಜು ಮಾಡಿ ಸೇರಿಸಿದ್ದಳು. ಬೇಸಿಗೆಯಲ್ಲಿ ಮತ್ತೆ ಅಳೆಯಬೇಕು ಅಂದುಕೊಂಡಿದ್ದಳು. ಅಳೆಯಲಿಲ್ಲ. ಚೆಂಡು ಗಿಡ್ಡವಾದಾಗಲೆಲ್ಲ, ಹಳ್ಳದ ಮೇಲೆ ಗಾಳಿ ಎಳೆಯುತ್ತದೆ ಎಂದು ಅವಳೂ ಹೇಳುತ್ತಿದ್ದಳು, ಆಡುವವರೂ ಒಪ್ಪಿ ಒಂದು ದೊಡ್ಡ ಕೋಲು ಹಿಡಿಯುತ್ತಿದ್ದರು. ಫೈನಲ್ಲಿನ ದಿನ ಎಲೆ ಅಲುಗುವಷ್ಟೂ ಗಾಳಿ ಇರಲಿಲ್ಲ. ಮಲ್ಲಿಕಾರ್ಜುನಪ್ಪ ಅವಳ ಸಂಖ್ಯೆಯನ್ನು ಹಾಗೇ ನಂಬಿ ಹೊಡೆದಿದ್ದರು.

ಅಷ್ಟು ಹೊತ್ತಿಗೆ ಕಾವಲುಗಾರ ಫೋನು ಮಾಡಿ ರುದ್ರಮೂರ್ತಿಯವರನ್ನು ಕರೆಸಿದ್ದ. ಅವರು ದೂರದಿಂದಲೇ ಗದರಿದರು.

"ಯಾರನ್ನ ಕೇಳಿ ಸರ್ವೆ ಮಾಡ್ತಿದೀರಿ? ಕ್ಲಬ್ ಜಾಗದ ಮೇಲೆ ಯಾರು ಕೇಸು ಹಾಕ್ತಿದಾರೆ, ಹೇಳಮ್ಮ."

"ಯಾರೂ ಹಾಕ್ತಿಲ್ಲ ಸಾರ್. ನನ್ನ ಮೇಲೆ ಬಂದಿರೋ ಮಾತಿಗೆ ನಾನೇ ಅಳ್ಕೋತಿದೀನಿ."

ಅವರಿಗೆ ನಂಬಿಕೆ ಬರಲಿಲ್ಲ. ಶಿವಕುಮಾರನ ಲೈಸೆನ್ಸ್ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದರು. ಕೊನೆಗೆ ಅವನು ಅವರನ್ನೇ ಐದನೇ ಗುಳಿಗೆ ಕರೆದುಕೊಂಡು ಹೋಗಿ ಟೇಪಿನ ತುದಿ ಕೈಗೆ ಕೊಟ್ಟ. ಗ್ರೀನು ಕುಸಿದ ವರ್ಷ ಅವರೇ ಕೆಲಸ ಮಾಡಿಸಿದ್ದರು. "ಹೌದಲ್ಲ" ಎಂದು ಬೋಳುತಲೆ ಸವರಿಕೊಂಡರು. "ಮಲ್ಲಿಕಾರ್ಜುನಪ್ಪನವರಿಗೆ ಇವತ್ತೇ ಹೇಳ್ತೀನಿ ಬಿಡಮ್ಮ, ನೀನೇ ಸರಿ ಅಂತ."

ಎಂಟನೇ ಗುಳಿಯ ವಿಷಯ ಅವರಿಗೆ ಗೊತ್ತಿರಲಿಲ್ಲ. ಶಿವಕುಮಾರ್ ಅತ್ತೆಯ ಮುಖ ನೋಡಿದ. ಬೇಡ ಎಂಬಂತೆ ಕಣ್ಣಲ್ಲೇ ಸನ್ನೆ ಮಾಡಿದ. ದಾರಿಯಲ್ಲಿ ಬೈಕಿನ ಮೇಲೆ, "ಹೇಳಿದ್ರೆ ಬೇಕಂತಲೇ ಮಾಡಿದ್ದು ಅಂತಾರೆ ಕಣತ್ತೆ. ಈಗ ತಾನೆ ಬಾಯಿ ಮುಚ್ಚಿದಾರೆ" ಎಂದ. ಅವನ ಮಾತು ಸರಿ ಎಂದೇ ಅವಳಿಗೂ ಅನಿಸಿತ್ತು.

ಭಾನುವಾರ ಬೆಳಿಗ್ಗೆ ಮಲ್ಲಿಕಾರ್ಜುನಪ್ಪ ಕಾರಿನಿಂದ ಇಳಿದವರೇ ನೇರ ಶೆಡ್ಡಿನ ಬಾಗಿಲಿಗೆ ಬಂದರು. ಸದಸ್ಯರು ಅಲ್ಲಿಗೆ ಬರುವುದಿಲ್ಲ.

"ರುದ್ರಮೂರ್ತಿ ಎಲ್ಲ ಹೇಳಿದ್ರು. ಬಾಮ್ಮ, ಚೀಲ ತಗೋ."

ದ್ಯಾಮಮ್ಮ ಚೀಲ ಮುಟ್ಟಲಿಲ್ಲ. "ಅವರು ಎಲ್ಲ ಹೇಳಿಲ್ಲ ಯಜಮಾನ್ರೆ. ಅವರಿಗೆ ಗೊತ್ತಿಲ್ಲ." ಶೆಡ್ಡಿನಲ್ಲಿ ಎಲ್ಲರ ಮುಂದೆಯೇ ಹೇಳಿದಳು: ಹಳ್ಳ, ಮಳೆಗಾಲ, ಕಣ್ಣಂದಾಜು, ಎಂಟು ಗಜ. "ಐದನೇದು ನಂದು ಸರಿ. ಎಂಟನೇದು ನಿಮ್ಮ ಮಿಷಿನ್ದು ಸರಿ. ಅವತ್ತು ನಿಮ್ಮ ಚೆಂಡು ಹಳ್ಳಕ್ಕೆ ಬಿದ್ದಿದ್ದು ನನ್ನ ಲೆಕ್ಕದಿಂದ. ಆದ್ರೆ ಮಗಳಿಗೋಸ್ಕರ ಅಲ್ಲ. ಅದನ್ನ ಮಾತ್ರ ನೀವು ನಂಬಲೇಬೇಕು, ನಂಬದಿದ್ರೆ ಈ ಚೀಲ ನನಗೆ ಬ್ಯಾಡ."

ಅವರು ಬಾಗಿಲ ಚೌಕಟ್ಟಿಗೆ ಒರಗಿದರು. ಅವಳು ನೆಲ ನೋಡಲಿಲ್ಲ, ಅವರ ಮುಖವನ್ನೇ ನೋಡುತ್ತಿದ್ದಳು.

"ಇದನ್ನ ಹೇಳದೇ ಇದ್ದಿದ್ರೆ ನನಗೆ ಗೊತ್ತಾಗ್ತಿತ್ತಾ?" ಎಂದು ಕೇಳಿದರು.

"ಇಲ್ಲ."

"ಅವತ್ತು ನಾನು ಹೊಡೆದಿದ್ದೇ ಸರಿ ಇರ್ಲಿಲ್ಲ ಕಣಮ್ಮ. ಕೋಲು ನೆಲಕ್ಕೆ ತಾಗಿತ್ತು. ನೀನು ಅರವತ್ತು ಅಂದಿದ್ರೂ ಹಳ್ಳಕ್ಕೇ ಬೀಳ್ತಿತ್ತು." ಆಮೇಲೆ ದನಿ ತಗ್ಗಿಸಿ, "ಮಗಳ ಮಾತು ನಾನು ಆಡಬಾರದಿತ್ತು. ಮನೇಲಿ ನನ್ನ ಹೆಂಡ್ತಿ ತೀರ್ಥಮ್ಮನೂ ಬೈದ್ಲು" ಎಂದರು.

ಕೋಲು ನೆಲಕ್ಕೆ ತಾಗಿದ್ದು ನಿಜವೋ, ತನ್ನ ಮನಸ್ಸಿಗೆ ಹಗುರವಾಗಲೆಂದು ಹೇಳಿದರೋ ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಆ ದಿನ ತಾನು ಚೆಂಡನ್ನು ನೋಡುತ್ತಿದ್ದೆ, ಕೋಲನ್ನಲ್ಲ ಎನ್ನುತ್ತಾಳೆ. ಕೇಳಲು ಹೋಗಿಲ್ಲ.

ಚೀಲ ಎತ್ತಿಕೊಳ್ಳುವ ಮೊದಲು ಅವಳು ಒಂದು ಷರತ್ತು ಹಾಕಿದಳು. "ಆ ಡಬ್ಬಿ ನಿಮ್ಮ ಸೊಂಟದಲ್ಲಿ ಬ್ಯಾಡ, ನನ್ನ ಕೈಲಿರ್ಲಿ. ಎರಡೂ ಸಂಖ್ಯೆ ನಾನೇ ಹೇಳ್ತೀನಿ. ನನ್ನ ಮಾತು ಕೇಳಿ ಆಮೇಲೆ ಕಳ್ಳಗಣ್ಣಲ್ಲಿ ನೋಡೋದು ಬ್ಯಾಡ." ಮಲ್ಲಿಕಾರ್ಜುನಪ್ಪ ಬೆಲ್ಟಿನಿಂದ ಅದನ್ನು ಬಿಚ್ಚಿ ಅವಳ ಅಂಗೈಗೆ ಹಾಕಿದರು. ಯಾವ ಗುಂಡಿ ಒತ್ತಬೇಕು, ಗ್ರೀನಿನ ಮುಂಬದಿ ಯಾವುದು, ನಡು ಯಾವುದು, ಹಿಂಬದಿ ಯಾವುದು ಎಂದು ಮೊದಲ ಗುಳಿಗೆ ನಡೆಯುತ್ತಲೇ ತೋರಿಸಿಕೊಟ್ಟರು.

ಮಗಳಿಗೆ ಅವಳು ಅದೇ ಸಂಜೆ ನಡೆದದ್ದನ್ನೆಲ್ಲ ಹೇಳಿದಳು. ಧನ್ಯಶ್ರೀ ಪೂರ್ತಿ ಕೇಳಿಸಿಕೊಂಡು, "ಅವರಿಗೆ ನೀನು ಅಷ್ಟು ಧೈರ್ಯವಾಗಿ ಹೇಳ್ದೆ. ನನ್ನ ಹತ್ರ ಮಾತ್ರ ಬಚ್ಚಲ ಬಾಗಿಲಲ್ಲಿ ನಿಂತು ಕೇಳ್ದೆ" ಎಂದಳು. ಅವಳ ಮುನಿಸು ಇಳಿಯಲು ಇನ್ನೂ ಒಂದು ವಾರ ಹಿಡಿಯಿತು.

ಐದನೇ ಗ್ರೀನಿನ ಹೊಸ ಜಾಗವನ್ನು ನಕ್ಷೆಯಲ್ಲಿ ಸರಿಪಡಿಸಿ ಎಂದು ಯಶೋದಾ ಆ ಕಂಪನಿಯವರಿಗೆ ಬರೆದಳು. ಐದು ತಿಂಗಳಾದ ಮೇಲೆ ಸರಿಯಾಯಿತು. ಕ್ಲಬ್ಬಿನ ನೋಟೀಸು ಮಾತ್ರ ಹಲಗೆಯ ಮೇಲೆ ಹಾಗೇ ಇದೆ. ನಾಲ್ಕು ಜನ ಸದಸ್ಯರು ಈಗ ಕ್ಯಾಡಿ ಇಲ್ಲದೇ ಆಡುತ್ತಾರೆ, ಕ್ಯಾಡಿಗಳ ಎರಡು ಹುದ್ದೆ ಕಡಿಮೆಯಾಗಿವೆ. ಹಾಗಾಗಿ ದೊಡ್ಡಬೀರಪ್ಪ ಹೇಳಿದ್ದು ಪೂರ್ತಿ ಸುಳ್ಳು ಎಂದು ದ್ಯಾಮಮ್ಮ ಒಪ್ಪುವುದಿಲ್ಲ. ಆ ಬೇಸಿಗೆಯಲ್ಲಿ, ಹಳ್ಳ ಪೂರ್ತಿ ಒಣಗಿದ ಮೇಲೆ, ಅವಳು ರಜೆಯ ಸೋಮವಾರಗಳಲ್ಲಿ ಬಂದು ಒಂಬತ್ತು ಗುಳಿಗಳನ್ನೂ ಮೊದಲಿನಿಂದ ಅಳೆದಳು. ಕಾವಲುಗಾರ ಮತ್ತೆ ಫೋನು ಮಾಡಿದ. ಈ ಸಲ ರುದ್ರಮೂರ್ತಿ ಬರಲಿಲ್ಲ, "ಅಳೀಲಿ ಬಿಡು" ಎಂದರಂತೆ.